ಹಿರಿಯರ ಮನೆಗೆ ರೋಬೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಯಸ್ಸಾದವರ ಆರೋಗ್ಯ ನೋಡಿಕೊಳ್ಳಲು ಮನೆಯಲ್ಲಿ ರೋಬೊ ಇಟ್ಟುಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಮಾತ್ರೆಗಳ ಬಗ್ಗೆ ಬರೆದಿರುವುದು ನಿಮ್ಮ ವೈದ್ಯರನ್ನು ಏನೇನು ಕೇಳಬೇಕು ಎಂದು ತಿಳಿಯಲಿ ಎಂಬ ಕಾರಣಕ್ಕೆ. ಅವರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ, ಬದಲಿಸಬೇಡಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮೈಸೂರಿನ ಮನೆಯಲ್ಲಿ ಅಮ್ಮ ಒಬ್ಬರೇ. 76 ವರ್ಷ. ಬಿಪಿ, ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಒಂದು ರೋಬೊ ತರೋಣ ಅಂತಿದ್ದೇವೆ. ಯಾವುದು ಒಳ್ಳೆಯದು?
– ನ್ಯೂಜೆರ್ಸಿಯ ಓದುಗರು

ಉತ್ತರ: ಅಂಗಡಿಗೆ ಹೋಗುವ ಮೊದಲು ಒಂದು ವಾರ ಅಮ್ಮನನ್ನು ಕೇಳಿ ಕೇಳಿ ಬರೆದಿಡಿ. ಮಾತ್ರೆ ಎಷ್ಟು ಸಲ ತಪ್ಪಿತು, ರಾತ್ರಿ ಬಚ್ಚಲಿಗೆ ಎಷ್ಟು ಸಲ ಎದ್ದರು, ಫೋನು ಎತ್ತದೆ ಎಷ್ಟು ಸಲ ನಿಮಗೆ ಗಾಬರಿಯಾಯಿತು, ಯಾವ ಹೊತ್ತು ಅವರಿಗೆ ಬೇಸರ ಕವಿಯುತ್ತದೆ. ಈ ಪಟ್ಟಿಯಲ್ಲಿ ಹೆಚ್ಚು ಸಲ ಬಂದ ಒಂದು ತೊಡಕಿಗೆ ಮಾತ್ರ ಯಂತ್ರ ಹುಡುಕಿ. ಅಡುಗೆ ಮಾಡಿ, ಸ್ನಾನ ಮಾಡಿಸಿ, ಕೈಹಿಡಿದು ನಡೆಸುವ ರೋಬೊ ಇವತ್ತು ಮನೆಬಳಕೆಗೆ ಸಿಗುವುದಿಲ್ಲ. ಸಿಗುವವೆಲ್ಲ ಒಂದೊಂದು ಕೆಲಸದವು. ಒಂದು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತದೆ, ಇನ್ನೊಂದು ಮೇಜಿನ ಮೇಲೆ ಕೂತು ಮಾತನಾಡಿಸುತ್ತದೆ, ಮತ್ತೊಂದು ಗಾಲಿಯ ಮೇಲೆ ಓಡಾಡಿ ವಿಡಿಯೊ ಕರೆ ತರುತ್ತದೆ, ಮಗದೊಂದು ಬಿದ್ದರೆ ಸುದ್ದಿ ಮುಟ್ಟಿಸುತ್ತದೆ.

ನೀವಿರುವಲ್ಲಿ ಎಲಿಕ್ಯೂ ಹೆಸರು ಕೇಳಿರುತ್ತೀರಿ. ಇಸ್ರೇಲಿನ ಇಂಟ್ಯೂಷನ್ ರೊಬಾಟಿಕ್ಸ್ ಮಾಡಿದ ಮೇಜಿನ ರೋಬೊ ಅದು. ತಾನಾಗಿಯೇ ಮಾತು ತೆಗೆಯುತ್ತದೆ, ಮಾತ್ರೆ ನೆನಪಿಸುತ್ತದೆ, ನಿದ್ದೆ ಹೇಗಾಯಿತು ಎಂದು ವಿಚಾರಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಹಿರಿಯರ ಇಲಾಖೆ 2022ರಲ್ಲಿ 800ಕ್ಕೂ ಹೆಚ್ಚು ಮಂದಿಗೆ ಇದನ್ನು ಕೊಡುವ ಯೋಜನೆ ಶುರುಮಾಡಿತು. ಆದರೆ ಅದರ ಮಾತು, ಸೇವೆ, ನೆರವಿನ ಜಾಲ ಎಲ್ಲವೂ ಅಮೆರಿಕದ ಮನೆಗೆಂದು ಕಟ್ಟಿದ್ದು. ದಿನವಿಡೀ ಕನ್ನಡದಲ್ಲೇ ಬದುಕುವ ಅಮ್ಮನ ಮುಂದೆ ಅದು ಎರಡು ವಾರದಲ್ಲಿ ಮೂಲೆ ಸೇರುತ್ತದೆ.

ನೀವು ಬರೆದಿರುವ ಸ್ಥಿತಿಗೆ ನಮ್ಮ ಸಲಹೆ ಸರಳ: ಒಂದು ಮಾತ್ರೆ ಯಂತ್ರ, ಮತ್ತು ನಿಮ್ಮ ಕರೆಯನ್ನು ತಾನೇ ಎತ್ತಿಕೊಳ್ಳುವ ಒಂದು ಪರದೆ. ಗಾಲಿಯ ರೋಬೊ ಬೇಕಾಗುವುದು ಅಮ್ಮನಿಗೆ ಎದ್ದು ಪರದೆಯವರೆಗೆ ಬರುವುದೇ ಕಷ್ಟವಾದಾಗ, ಅಥವಾ ಅವರು ಯಾವ ಕೋಣೆಯಲ್ಲಿದ್ದಾರೆ ಎಂದು ನೀವೇ ಹೋಗಿ ನೋಡಬೇಕಾದಾಗ.

ಗಾಲಿಯದೇ ಬೇಕೆಂದರೆ ಮೊದಲು ಮನೆಯನ್ನು ಅಳೆಯಿರಿ. ಮನೆಯೊಳಗೆ ಓಡಾಡುವ ರೋಬೊಗಳಲ್ಲಿ ಹೆಚ್ಚಿನವು ಒಂದರಿಂದ ಎರಡು ಸೆಂ.ಮೀ. ಎತ್ತರವನ್ನಷ್ಟೇ ಹತ್ತಬಲ್ಲವು. ನಮ್ಮ ಹಳೆಯ ಮನೆಗಳ ಒಳಬಾಗಿಲ ಹೊಸ್ತಿಲು ನಾಲ್ಕೈದು ಸೆಂ.ಮೀ. ಇರುವುದು ಸಾಮಾನ್ಯ. ಅಲ್ಲಿ ಮರದ ಇಳಿಜಾರು ಹಾಕಿಸುವುದಾದರೆ ಒಂದಕ್ಕೆ ಹನ್ನೆರಡರ ಲೆಕ್ಕ ಹಿಡಿಯಿರಿ, ಅಂದರೆ 4 ಸೆಂ.ಮೀ. ಹೊಸ್ತಿಲಿಗೆ 48 ಸೆಂ.ಮೀ. ಉದ್ದ. ರೋಬೊಕ್ಕೆ ಇದಕ್ಕಿಂತ ಕಡಿದಾದರೂ ನಡೆದೀತು, ಆದರೆ ಅದೇ ಇಳಿಜಾರಿನ ಮೇಲೆ ಮಂಡಿನೋವಿನ ಅಮ್ಮನೂ ಕಾಲಿಡುತ್ತಾರೆ. ಅರಿಶಿನ ಕುಂಕುಮ ಹಚ್ಚುವ ಹೆಬ್ಬಾಗಿಲ ಹೊಸ್ತಿಲನ್ನು ಮುಟ್ಟಬೇಕಾಗಿಲ್ಲ, ರೋಬೊ ಅದನ್ನು ದಾಟುವ ಪ್ರಮೇಯವೇ ಇಲ್ಲ.

ನೆಲದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಮೆಟ್ಟಿಲಿನಿಂದ ಉರುಳದಂತೆ ರೋಬೊದ ಅಡಿಯಲ್ಲಿ ನೆಲ ಇದೆಯೇ ಎಂದು ನೋಡುವ ಸೆನ್ಸರುಗಳಿರುತ್ತವೆ. ಅವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಅದು ಮರಳುವುದನ್ನು ಕಾಯುತ್ತವೆ. ಕಡಪಾ ಕಲ್ಲು, ಕಪ್ಪು ಗ್ರಾನೈಟ್ ಆ ಬೆಳಕನ್ನು ಹೀರಿಬಿಡುವುದರಿಂದ ಮುಂದೆ ಹಳ್ಳವಿದೆ ಎಂದುಕೊಂಡು ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಸೆನ್ಸರಿಗೆ ಟೇಪು ಅಂಟಿಸಿ ಓಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಮೆಟ್ಟಿಲಿರುವ ಮನೆಯಲ್ಲಿ ಅದು ಅಪಾಯ. ನಿಲುವುಗನ್ನಡಿ, ಗಾಜಿನ ಬಾಗಿಲು ಕಂಡರೂ ಇವು ದಾರಿ ತಪ್ಪುತ್ತವೆ. ಕಾಲೊರಸಿನ ಗೊಂಡೆ, ನೆಲ ಮುಟ್ಟುವ ಪರದೆ, ಸೀರೆಯ ಸೆರಗು ಗಾಲಿಗೆ ಸುತ್ತಿಕೊಳ್ಳುತ್ತವೆ.

ಇನ್ನು ತರುವ ವಿಚಾರ. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಬರೆದಿರಬೇಕು. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ಲಿಥಿಯಂ ಬ್ಯಾಟರಿ 100 ವ್ಯಾಟ್-ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದರೆ ಪ್ರಯಾಣಿಕರು ತರುವಂತಿಲ್ಲ. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 14.4 ವೋಲ್ಟ್, 5.2 ಆಂಪಿಯರ್-ಅವರ್ ಅಂದರೆ ಸುಮಾರು 75. ಒಳಗೆ ಸಿಮ್ ಇರುವ ಯಂತ್ರವಾದರೆ ಅದು ಭಾರತದ ಜಾಲದಲ್ಲಿ ಕೆಲಸ ಮಾಡುತ್ತದೆಯೇ, ಆಪತ್ತಿನಲ್ಲಿ ಅಮೆರಿಕದ ತುರ್ತು ಸಂಖ್ಯೆ 911ಕ್ಕೇ ಕರೆ ಮಾಡುವಂತೆ ಬಿಗಿದಿಟ್ಟಿದ್ದಾರೆಯೇ ಎಂದು ಕೇಳಿ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ಕೇಳಿ.

ಮನೆಗೆ ತಂದ ಮೇಲೆ ರೂಟರನ್ನೂ ರೋಬೊದ ಚಾರ್ಜಿಂಗ್ ಗೂಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಕರೆಂಟು ಹೋದಾಗ ರೋಬೊದ ಬ್ಯಾಟರಿ ಇದ್ದರೂ ರೂಟರು ಸತ್ತರೆ ನಿಮಗೆ ಏನೂ ಕಾಣದು. ಗೋಡೆ ದಪ್ಪವಿರುವ ಮನೆಯಲ್ಲಿ ಎರಡು ಬೇರೆ ಬೇರೆ ವೈಫೈ ಹೆಸರಿದ್ದರೆ, ಒಂದರಿಂದ ಇನ್ನೊಂದಕ್ಕೆ ದಾಟುವಾಗ ರೋಬೊ ನಡುಮನೆಯಲ್ಲೇ ನಿಂತುಬಿಡುತ್ತದೆ, ಮತ್ತು ರಾತ್ರಿ ಅದಕ್ಕೇ ಎಡವುವ ಸಂಭವ ಹೆಚ್ಚು. ಮನೆಗೆಲ್ಲ ಒಂದೇ ಹೆಸರಿನ ಮೆಶ್ ವೈಫೈ ಹಾಕಿಸಿ. ಚಾರ್ಜಿಂಗ್ ಗೂಡು ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಇರಲೇಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು: ಹತ್ತು ನಿಮಿಷದೊಳಗೆ ಮನೆಗೆ ಬರಬಲ್ಲ ಇಬ್ಬರ ಬಳಿ ಬೀಗದ ಕೈ ಇರಬೇಕು. ಅಮ್ಮ ನೆಲದ ಮೇಲೆ ಕೂತಿರುವುದನ್ನು ನೀವು ನ್ಯೂಜೆರ್ಸಿಯಿಂದ ಎಷ್ಟು ಸ್ಪಷ್ಟವಾಗಿ ನೋಡಿದರೂ, ಹೋಗಿ ಎಬ್ಬಿಸಬೇಕಾದವರು ಪಕ್ಕದ ಬೀದಿಯವರೇ. ಆ ಇಬ್ಬರು ಸಿಗುವವರೆಗೆ ರೋಬೊ ಕೊಳ್ಳುವುದನ್ನು ಮುಂದೂಡಿ.

ಪ್ರಶ್ನೆ: ಅಪ್ಪನಿಗೆ 81. ಸಕ್ಕರೆ, ಬಿಪಿ, ಥೈರಾಯ್ಡ್, ರಕ್ತ ತೆಳುವಾಗಿಸುವುದು ಎಲ್ಲ ಸೇರಿ ದಿನಕ್ಕೆ ಒಂಬತ್ತು ಮಾತ್ರೆ. ಹೊತ್ತಿಗೆ ಸರಿಯಾಗಿ ತಾನೇ ಕೊಡುವ ಯಂತ್ರ ತಂದರೆ ಅಮ್ಮನಿಗೆ ಸ್ವಲ್ಪ ಬಿಡುವು ಸಿಕ್ಕೀತೇ?
– ದಾವಣಗೆರೆಯ ಓದುಗರು

ಉತ್ತರ: ಸಿಗುತ್ತದೆ. ಹಿರಿಯರ ಮನೆಗೆ ಬಂದಿರುವ ಯಂತ್ರಗಳಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಉಪಯೋಗ ಇದರಿಂದಲೇ ಎಂಬುದು ನಮ್ಮ ಅಭಿಪ್ರಾಯ. ಆದರೆ ತುಂಬುವ ಕೆಲಸ ಮನೆಯವರದೇ, ಮತ್ತು ತಪ್ಪಾಗುವುದೂ ಅಲ್ಲೇ.

ಸಾಮಾನ್ಯವಾಗಿ ಸಿಗುವುದು 28 ಗೂಡುಗಳ ದುಂಡು ತಟ್ಟೆಯದು. ದಿನಕ್ಕೆ ನಾಲ್ಕು ಹೊತ್ತಾದರೆ ಒಂದು ವಾರಕ್ಕೆ, ಎರಡು ಹೊತ್ತಾದರೆ ಎರಡು ವಾರಕ್ಕೆ ಬರುತ್ತದೆ. ಹೊತ್ತಾದಾಗ ತಟ್ಟೆ ಒಂದು ಗೂಡಿನಷ್ಟು ತಿರುಗಿ, ಮುಚ್ಚಳದ ಕಿಂಡಿಗೆ ಮಾತ್ರೆ ಬಂದು ನಿಲ್ಲುತ್ತದೆ, ಸದ್ದಾಗುತ್ತದೆ, ದೀಪ ಮಿನುಗುತ್ತದೆ. ಯಂತ್ರವನ್ನು ಎತ್ತಿ ಅಂಗೈಗೆ ಬೋರಲು ಹಾಕಿದರೆ ಸದ್ದು ನಿಲ್ಲುತ್ತದೆ, ತೆಗೆದುಕೊಂಡರು ಎಂದು ನಿಮ್ಮ ಫೋನಿಗೆ ಸುದ್ದಿ ಬರುತ್ತದೆ. ಗಮನಿಸಿ, ಯಂತ್ರಕ್ಕೆ ಗೊತ್ತಿರುವುದು ಬೋರಲು ಹಾಕಿದ್ದು ಮಾತ್ರ. ನುಂಗಿದರೋ, ಕಿಟಕಿಯ ಮೇಲಿಟ್ಟು ಮರೆತರೋ ಅದಕ್ಕೆ ತಿಳಿಯದು. ವಾರಕ್ಕೊಮ್ಮೆ ದಿಂಬಿನ ಕೆಳಗೆ, ಅಂಗಿಯ ಜೇಬಿನಲ್ಲಿ ನೋಡಿ.

ತುಂಬುವಾಗ ಹೀಗೆ ಮಾಡಿ. ವೈದ್ಯರ ಇತ್ತೀಚಿನ ಚೀಟಿಯನ್ನು ಮುಂದಿಟ್ಟುಕೊಂಡು, ಒಣಗಿದ ಕೈಯಿಂದ, ಒಂದು ಮಾತ್ರೆಯನ್ನು ಅದು ಬೇಕಾದ ಎಲ್ಲ ಗೂಡುಗಳಿಗೂ ಹಾಕಿ ಮುಗಿಸಿ, ಆಮೇಲೆ ಎರಡನೆಯದನ್ನು ಕೈಗೆತ್ತಿಕೊಳ್ಳಿ. ಗೂಡಿನಿಂದ ಗೂಡಿಗೆ ಎಲ್ಲ ಮಾತ್ರೆ ಹಾಕುತ್ತ ಹೋದರೆ ಯಾವುದೋ ಒಂದು ಬಿಟ್ಟುಹೋಗುತ್ತದೆ. ಮುಗಿದ ಮೇಲೆ ಇನ್ನೊಬ್ಬರು ಪ್ರತಿ ಗೂಡಿನಲ್ಲಿ ಎಷ್ಟಿವೆ ಎಂದು ಎಣಿಸಲಿ. ಯಂತ್ರದ ಬೀಗದ ಕೈ ಅಮ್ಮನ ಬಳಿ ಇರಲಿ. ಮಾತ್ರೆಯ ಹಳೆಯ ಪಟ್ಟಿ, ಡಬ್ಬಿಗಳನ್ನೆಲ್ಲ ಅಪ್ಪನ ಕೈಗೆ ಸಿಗದಂತೆ ಎತ್ತಿಡಿ. ಯಂತ್ರ ಕೊಟ್ಟದ್ದನ್ನೂ ನುಂಗಿ, ಅಭ್ಯಾಸಬಲದಿಂದ ಡಬ್ಬಿಯಿಂದಲೂ ನುಂಗುವುದು ಮೊದಲ ತಿಂಗಳ ದೊಡ್ಡ ಅಪಾಯ.

ಹೊತ್ತು ಹೊಂದಿಸುವಾಗ ವೈದ್ಯರನ್ನೋ ಔಷಧ ಅಂಗಡಿಯ ಫಾರ್ಮಸಿಸ್ಟರನ್ನೋ ಕೂರಿಸಿಕೊಳ್ಳಿ. ಥೈರಾಯ್ಡ್ ಮಾತ್ರೆ ಬರಿಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಮೆಟ್‌ಫಾರ್ಮಿನ್ ಊಟದ ಜೊತೆಗೆ. ಎಚ್ಚರ ಬೇಕಾದದ್ದು ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಯಂತ್ರ ಅದನ್ನು ಕೊಟ್ಟೇ ಕೊಡುತ್ತದೆ. ಅಂದು ಏಕಾದಶಿಯೋ, ಶಿವರಾತ್ರಿಯೋ, ಹೊಟ್ಟೆ ಕೆಟ್ಟು ತಿಂಡಿ ಸೇರದ ದಿನವೋ ಎಂದು ಅದಕ್ಕೆ ಗೊತ್ತಿಲ್ಲ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಬೆವರು, ನಡುಕ, ತಬ್ಬಿಬ್ಬು ಬರುತ್ತದೆ. ಉಪವಾಸದ ದಿನ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡು ಯಂತ್ರದ ಮೇಲೆ ಅಂಟಿಸಿ. ಸಕ್ಕರೆ 70ಕ್ಕಿಂತ ಇಳಿದು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಎಲ್ಲ ಮಾತ್ರೆಯೂ ಪಟ್ಟಿಯಿಂದ ಬಿಡಿಸಿಡಲು ಯೋಗ್ಯವಲ್ಲ. ರಕ್ತ ತೆಳುವಾಗಿಸುವ ಡಾಬಿಗಾಟ್ರಾನ್ ಗಾಳಿಯ ತೇವಕ್ಕೆ ಕೆಡುತ್ತದೆ, ಅದು ತನ್ನ ಪ್ಯಾಕಿನಲ್ಲೇ ಇರಬೇಕು. ಫಿಟ್ಸಿಗೆ ಕೊಡುವ ಸೋಡಿಯಂ ವ್ಯಾಲ್‌ಪ್ರೊಯೇಟ್ ತೇವ ಹೀರುತ್ತದೆ. ಎದೆನೋವಿಗೆ ನಾಲಗೆಯಡಿ ಇಡುವ ನೈಟ್ರೊಗ್ಲಿಸರಿನ್ ಅದರ ಗಾಜಿನ ಸೀಸೆಯಲ್ಲೇ, ಕೈಗೆಟಕುವಂತೆ ಇರಲಿ. ಅಪ್ಪನದು ವಾರ್ಫರಿನ್ ಆದರೆ ರಕ್ತ ಪರೀಕ್ಷೆ ನೋಡಿ ಪ್ರಮಾಣ ಬದಲಾಗುತ್ತಿರುತ್ತದೆ. ಹದಿನೈದು ದಿನದ್ದನ್ನು ತುಂಬಿಟ್ಟು, ನಡುವೆ ಪ್ರಮಾಣ ಬದಲಾದರೆ ತೆಗೆಯುವುದನ್ನು ಮರೆಯುವುದು ಸುಲಭ. ಅದನ್ನು ಹೊರಗಿಟ್ಟು ಅಮ್ಮನೇ ಕೊಡಲಿ. ಅರ್ಧ ಮಾಡಿದ ಮಾತ್ರೆಯ ಪುಡಿ ತಟ್ಟೆಯಡಿ ಸೇರಿ ಯಂತ್ರ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಪ್ರತಿ ಸಲ ತುಂಬುವ ಮುನ್ನ ಒಣಬಟ್ಟೆಯಿಂದ ಒರೆಸಿ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಗಳನ್ನಂತೂ ಗೂಡಿಗೆ ದೊಡ್ಡದಾಯಿತೆಂದು ಮುರಿಯಬಾರದು.

ಪ್ರಶ್ನೆ: ನಮ್ಮ ಅವ್ವಗ ಇಂಗ್ಲಿಷ್ ಬರೂದಿಲ್ರಿ, ಹುಬ್ಬಳ್ಳಿ ಕಡೆ ಮಾತು. ಈ ಮಾತಾಡೋ ರೋಬೊಕ್ಕ ಆಕಿ ಮಾತು ತಿಳೀತದೇನ್ರಿ?
– ಹುಬ್ಬಳ್ಳಿಯ ಓದುಗರು

ಉತ್ತರ: ಅರ್ಧಂಬರ್ಧ. ಫೋನಿನ ಧ್ವನಿ ಸಹಾಯಕಗಳು ಕನ್ನಡ ಗುರುತಿಸುತ್ತವೆ. 2022ರಲ್ಲಿ ಬಂದ ಕೇಂದ್ರದ ಭಾಷಿಣಿ ಯೋಜನೆ, ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಕೆಲಸಗಳಿಂದ ಕನ್ನಡದ ಮಾತು ಗುರುತಿಸುವ ತಂತ್ರ ಬೆಳೆಯುತ್ತಿದೆ. ತೊಡಕಿರುವುದು ಊರಿನ ಮಾತಿನಲ್ಲಿ ಮಾತ್ರವಲ್ಲ, ವಯಸ್ಸಿನ ದನಿಯಲ್ಲೂ. ಹಲ್ಲಿನ ಸೆಟ್ಟು ತೆಗೆದಿಟ್ಟಾಗ ಉಚ್ಚಾರ ಬದಲಾಗುತ್ತದೆ, ನಡುವೆ ಉಸಿರೆಳೆದುಕೊಳ್ಳಲು ನಿಂತರೆ ಮಾತು ಮುಗಿಯಿತೆಂದು ಯಂತ್ರ ತಿಳಿಯುತ್ತದೆ, ಟಿ.ವಿ. ಧಾರಾವಾಹಿಯ ಮಾತನ್ನೂ ಅಪ್ಪಣೆ ಎಂದುಕೊಳ್ಳುತ್ತದೆ.

ಕೊಳ್ಳುವ ಮೊದಲು ಅವ್ವನನ್ನೇ ಕೂರಿಸಿ, ಆಕೆ ದಿನಾ ಆಡುವ ಇಪ್ಪತ್ತು ಮಾತುಗಳನ್ನು ಆಡಿಸಿ ನೋಡಿ. ಹದಿನೈದು ಕೂಡ ತಿಳಿಯದಿದ್ದರೆ ಮಾತಿನ ರೋಬೊ ಬೇಡ. ನೆನಪಿಸುವ ಕೆಲಸಕ್ಕೆ ಇನ್ನೂ ಒಳ್ಳೆಯ ದಾರಿಯಿದೆ: ಹೆಚ್ಚಿನ ಯಂತ್ರಗಳಲ್ಲಿ ನಮ್ಮದೇ ದನಿಯನ್ನು ಅಚ್ಚು ಹಾಕಬಹುದು. ‘ಅವ್ವಾ, ಗುಳಿಗಿ ತಗೊ, ನೀರು ಪೂರಾ ಕುಡಿ’ ಎಂದು ಮಗನ ದನಿ ಕೇಳಿದರೆ ಆಕೆ ಏಳುತ್ತಾಳೆ. ವಯಸ್ಸಾದಂತೆ ಮೊದಲು ಮಂದವಾಗುವುದು ಕೀಚು ದನಿ ಕೇಳುವ ಶಕ್ತಿ. ಆದ್ದರಿಂದ ತಗ್ಗಿದ ದನಿಯಲ್ಲಿ, ನಿಧಾನವಾಗಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಯಂತ್ರ ಕೂತವರ ಕಿವಿಯ ಎತ್ತರಕ್ಕಿರಲಿ, ಫ್ಯಾನಿನಿಂದ ದೂರವಿರಲಿ.

ಪ್ರಶ್ನೆ: ಅತ್ತೆಯವರಿಗೆ ಮರೆವಿನ ಕಾಯಿಲೆ. ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಚಡಪಡಿಸುತ್ತಾರೆ. ಜಪಾನಿನ ಸೀಲ್ ಮರಿ ರೋಬೊ ತರಿಸಿದರೆ ಉಪಯೋಗವಾದೀತೇ?
– ಬೆಂಗಳೂರಿನ ಓದುಗರು

ಉತ್ತರ: ನೀವು ಹೇಳುತ್ತಿರುವುದು ಪಾರೊ. ಜಪಾನಿನ ಎಐಎಸ್‌ಟಿ ಸಂಸ್ಥೆಯಲ್ಲಿ ತಕನೊರಿ ಶಿಬಾಟಾ ರೂಪಿಸಿದ್ದು. 2005ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು. 2009ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಎರಡನೇ ವರ್ಗದ (ಮಧ್ಯಮ ಅಪಾಯದ) ವೈದ್ಯಕೀಯ ಸಾಧನವೆಂದು ಒಪ್ಪಿತು. ಸುಮಾರು 2.7 ಕೆ.ಜಿ. ತೂಕ, ಅಂದರೆ ಹಸುಗೂಸಿನಷ್ಟು. ತುಪ್ಪಳದಡಿ ಸ್ಪರ್ಶದ ಸೆನ್ಸರುಗಳಿವೆ, ಸವರಿದರೆ ಕಣ್ಣು ತೆರೆದು ಕುಂಯ್‌ಗುಟ್ಟುತ್ತದೆ, ಕರೆದ ಕಡೆ ತಿರುಗುತ್ತದೆ. ಬೆಕ್ಕು ನಾಯಿಯಾದರೆ ಎಲ್ಲರಿಗೂ ಅದರ ನಡತೆ ಗೊತ್ತು, ಹೋಲಿಸಿ ನೋಡಿ ಇದು ಸುಳ್ಳು ಎನ್ನುತ್ತಾರೆ. ಸೀಲ್ ಮರಿಯನ್ನು ಸಾಕಿದವರಿಲ್ಲ, ಅದಕ್ಕೇ ಆ ರೂಪ ಆರಿಸಿದರು.

ಆಸ್ಟ್ರೇಲಿಯಾದ 28 ಆರೈಕೆ ಕೇಂದ್ರಗಳಲ್ಲಿ 415 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾದಾ ಗೊಂಬೆ ಕೊಟ್ಟವರಿಗಿಂತ ಪಾರೊ ಜೊತೆಗಿದ್ದವರು ಹೆಚ್ಚು ಮಾತನಾಡಿದರು, ಹೆಚ್ಚು ದಿಟ್ಟಿಸಿ ನೋಡಿದರು. ಗುಣ ಇದೆ, ಆದರೆ ಬೆಲೆ ಅಮೆರಿಕದಲ್ಲೇ ಸುಮಾರು 6,000 ಡಾಲರ್. ಒಂದು ಮನೆಗೆ ಅಷ್ಟು ಹಣ ಹಾಕಿ ಎಂದು ನಾವು ಹೇಳುವುದಿಲ್ಲ. ಅದರ ನೂರರಲ್ಲಿ ಕೆಲವು ಪಾಲಿಗೆ ಸಿಗುವ ಗುರುಗುಟ್ಟುವ ಬೆಕ್ಕಿನ ಗೊಂಬೆಯಿಂದಲೋ, ಮೆತ್ತನೆಯ ಸಾದಾ ಗೊಂಬೆಯಿಂದಲೋ ಮೊದಲು ನೋಡಿ.

ಚಡಪಡಿಕೆ ಐದೂವರೆಗೆ ಶುರುವಾಗುವುದಾದರೆ ಐದಕ್ಕೇ ಕೊಡಿ. ಕೂಗಾಟ ಏರಿದ ಮೇಲೆ ಕೊಟ್ಟರೆ ಎಸೆದುಬಿಡುತ್ತಾರೆ. ಅಷ್ಟರಲ್ಲಿ ದೀಪಗಳೆಲ್ಲ ಹತ್ತಿರಲಿ. ಮಡಿಲಿಗೆ ತುರುಕದೆ ಪಕ್ಕದಲ್ಲಿ ಕೂತು ನೀವೇ ಸವರಿ, ಕೈ ಚಾಚಿದರೆ ಕೊಡಿ. 15–20 ನಿಮಿಷ ಸಾಕು. ಇಡೀ ದಿನ ಬಿಟ್ಟರೆ ಅದರ ಸೆಳೆತ ಹೋಗುತ್ತದೆ, ಇಲ್ಲವೇ ಅದಕ್ಕೆ ಹಾಲು ಕುಡಿಸಬೇಕೆಂದು ಅತ್ತೆಯವರೇ ಊಟ ಬಿಡುತ್ತಾರೆ. ‘ಇದು ಜೀವ ಇರೋದಾ?’ ಎಂದು ಕೇಳಿದರೆ ಸುಳ್ಳು ಹೇಳಬೇಡಿ, ‘ಗೊಂಬೆ ಅತ್ತೆ, ಮುದ್ದಾಗಿದೆ ಅಲ್ವಾ’ ಎನ್ನಿ. ಕೆಲವರಿಗೆ ಇದರಿಂದ ಭಯವಾಗುತ್ತದೆ, ಕೆಲವರಿಗೆ ಮಗುವಿನಂತೆ ನಡೆಸಿಕೊಳ್ಳುತ್ತಾರೆಂದು ಅವಮಾನವಾಗುತ್ತದೆ. ಎರಡು ಮೂರು ಸಲ ಮುಖ ತಿರುಗಿಸಿದರೆ ಅಲ್ಲಿಗೆ ಬಿಟ್ಟುಬಿಡಿ. ಚಡಪಡಿಕೆ ಹಠಾತ್ತನೆ ಹೆಚ್ಚಾಗಿದ್ದರೆ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ನೋವು ಇದೆಯೇ ಎಂದು ವೈದ್ಯರಿಗೆ ತೋರಿಸಿ. ಅದನ್ನು ಹೇಳಲು ಅವರಿಗೆ ಮಾತು ಒದಗುತ್ತಿರುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಸ್ವಾಧೀನವಿಲ್ಲ. 78 ಕೆ.ಜಿ. ತೂಕ. ಎತ್ತಿ ಎತ್ತಿ ನನಗೂ ತಮ್ಮನಿಗೂ ಸೊಂಟ ಹೋಗಿದೆ. ಮನುಷ್ಯರನ್ನು ಎತ್ತುವ ರೋಬೊ ಎಲ್ಲಿ ಸಿಗುತ್ತದೆ?
– ಶಿವಮೊಗ್ಗದ ಓದುಗರು

ಉತ್ತರ: ನೀವು ಚಿತ್ರದಲ್ಲಿ ನೋಡಿರುವ ಕರಡಿ ಮುಖದ್ದು ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧನೆ. 2009ರ ರೀಬಾ 61 ಕೆ.ಜಿ.ವರೆಗೆ ಎತ್ತುತ್ತಿತ್ತು, 2015ರಲ್ಲಿ ರೋಬೇರ್ ಬಂತು. ಅದರ ಸ್ವಂತ ತೂಕವೇ 140 ಕೆ.ಜಿ. ಯಾವುದೂ ಮನೆಬಳಕೆಗೆ ಮಾರಾಟಕ್ಕೆ ಬರಲಿಲ್ಲ. ನೋವಾಗದಂತೆ, ಜಾರದಂತೆ, ಉರುಳದಂತೆ ಒಬ್ಬರನ್ನು ತೋಳಿನಲ್ಲಿ ಎತ್ತುವುದು ಯಂತ್ರಕ್ಕೆ ಇನ್ನೂ ಬಹಳ ಕಷ್ಟದ ಕೆಲಸ.

ನಿಮಗೆ ಬೇಕಾದದ್ದು ಪೇಷಂಟ್ ಲಿಫ್ಟ್. ಗಾಲಿಯ ಮೇಲಿನ ಸಣ್ಣ ಕ್ರೇನಿನಂತಿದ್ದು, ಬಟ್ಟೆಯ ಜೋಲಿಯಲ್ಲಿ ಕೂರಿಸಿ ಎತ್ತುತ್ತದೆ. ವೈದ್ಯಕೀಯ ಸಲಕರಣೆ ಅಂಗಡಿಗಳಲ್ಲಿ ಸಿಗುತ್ತದೆ, ದೊಡ್ಡ ಊರುಗಳಲ್ಲಿ ಬಾಡಿಗೆಗೂ. ಕೈಯಿಂದ ಪಂಪು ಹೊಡೆಯುವುದೂ ಇದೆ, ಬ್ಯಾಟರಿಯದೂ ಇದೆ. ತರುವ ಮೊದಲು ಮಂಚ ನೋಡಿ. ಲಿಫ್ಟಿನ ಕಾಲುಗಳು ಮಂಚದಡಿ ತೂರಬೇಕು, ಅದಕ್ಕೆ 12ರಿಂದ 15 ಸೆಂ.ಮೀ. ಸಂದು ಬೇಕು. ನೆಲಕ್ಕೆ ತಾಗಿರುವ ಬಾಕ್ಸ್ ಮಂಚವಾದರೆ ಲಿಫ್ಟು ನಿಷ್ಪ್ರಯೋಜಕ. ಲಿಫ್ಟು ತಂದ ಮೇಲೆ ಇದು ತಿಳಿದು ಪೇಚಾಡುವವರು ಬಹಳ.

ಜೋಲಿ ಹಾಕುವಾಗ ಅಪ್ಪನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಅರ್ಧ ಮಡಚಿದ ಜೋಲಿಯನ್ನು ಬೆನ್ನಿಗೆ ಒತ್ತಿ ಇಟ್ಟು, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಬಿಡಿಸಿಕೊಳ್ಳಿ. ತೊಡೆಯ ಪಟ್ಟಿಗಳನ್ನು ಒಳಗಿನಿಂದ ತಂದು ಒಂದಕ್ಕೊಂದು ಹೆಣೆದು ಕೊಕ್ಕೆಗೆ ಹಾಕಿ, ಇಲ್ಲವಾದರೆ ಮುಂದಕ್ಕೆ ಜಾರುತ್ತಾರೆ. ಕೂತ ಭಂಗಿಗೆ ಭುಜದ ಕಡೆ ಗಿಡ್ಡ ಕುಣಿಕೆ, ಕಾಲ ಕಡೆ ಉದ್ದ ಕುಣಿಕೆ. ಹಾಸಿಗೆಯಿಂದ ನಾಲ್ಕೈದು ಸೆಂ.ಮೀ. ಏರಿಸಿ ನಿಲ್ಲಿಸಿ, ನಾಲ್ಕೂ ಕುಣಿಕೆ ಕೊಕ್ಕೆಯಲ್ಲಿ ಕೂತಿವೆಯೇ ಎಂದು ಮುಟ್ಟಿ ನೋಡಿ, ಆಮೇಲೆ ಮುಂದುವರಿಸಿ. ಎತ್ತುವಾಗ ಲಿಫ್ಟಿನ ಗಾಲಿಗೆ ಬ್ರೇಕು ಹಾಕಬೇಡಿ: ತೂಕದ ಕೆಳಕ್ಕೆ ಅದು ತಾನೇ ಸರಿದುಕೊಳ್ಳಬೇಕು, ಬಿಗಿದರೆ ಮಗುಚುವ ಭಯ. ಇದು ಸಾಮಾನ್ಯ ರೂಢಿ, ನಿಮ್ಮ ಲಿಫ್ಟಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಗಾಲಿಕುರ್ಚಿಗೆ ಮಾತ್ರ ಬ್ರೇಕು ಹಾಕಿರಲೇಬೇಕು. ಲಿಫ್ಟಿನ ಕಾಲುಗಳನ್ನು ಅಗಲಿಸಿ ಕುರ್ಚಿಯನ್ನು ನಡುವೆ ಬಿಟ್ಟುಕೊಳ್ಳಿ. ಇಬ್ಬರಿರಿ, ಒಬ್ಬರು ಲಿಫ್ಟಿಗೆ, ಒಬ್ಬರು ಅಪ್ಪನ ಮುಖದ ಕಡೆಗೆ. ಸ್ವಾಧೀನವಿಲ್ಲದ ಬಲಗೈಯನ್ನು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಹೊಲಿಗೆ ಸಡಿಲಿಸಿದ ಜೋಲಿಯನ್ನು ಮತ್ತೆ ಹೊಲಿಸಬೇಡಿ, ಬದಲಿಸಿ. ಮೊದಲ ಎರಡು ಸಲ ಫಿಸಿಯೊಥೆರಪಿಸ್ಟ್ ಎದುರಿನಲ್ಲೇ ಮಾಡಿ.

ಪ್ರಶ್ನೆ: ಅಮ್ಮ ಎರಡು ಸಲ ಬಿದ್ದರು. ಬಿದ್ದದ್ದನ್ನು ಪತ್ತೆ ಮಾಡುವ ವಾಚು, ಕ್ಯಾಮೆರಾ, ರಾಡಾರ್ ಮೂರೂ ಇವೆಯಂತೆ. ಯಾವುದು ನಂಬಿಕಸ್ಥ?
– ಮಂಗಳೂರಿನ ಓದುಗರು

ಉತ್ತರ: ಮೂರಕ್ಕೂ ಒಂದೊಂದು ಕುರುಡು ಇದೆ. ವಾಚು ಗುರುತಿಸುವುದು ಧಡಕ್ಕನೆ ಬಿದ್ದು ಅಲುಗಾಡದಿರುವುದನ್ನು. ಮಂಚದಂಚಿನಿಂದ ಮೆಲ್ಲಗೆ ಜಾರಿ ಕೂತರೆ ಅದಕ್ಕೆ ಗೊತ್ತಾಗದು. ಅಲ್ಲದೆ ರಾತ್ರಿ ಚಾರ್ಜಿಗೆ ಹಾಕಿ, ಸ್ನಾನಕ್ಕೆ ಬಿಚ್ಚಿಟ್ಟು ಹೋಗುತ್ತಾರೆ, ಬೀಳುವುದು ಆ ಹೊತ್ತಿನಲ್ಲೇ. ಚಾರ್ಜಿಂಗನ್ನು ಮಧ್ಯಾಹ್ನ ಟಿ.ವಿ. ನೋಡುವ ಹೊತ್ತಿಗೆ ಬದಲಿಸಿ, ನೀರಿಗೆ ತಡೆಯುವ ವಾಚನ್ನೇ ಕೊಳ್ಳಿ. ಕ್ಯಾಮೆರಾ ಬಚ್ಚಲಲ್ಲಿ ಇಡುವಂಥದ್ದಲ್ಲ. ಬಚ್ಚಲಿಗೆ ಹೊಂದುವುದು ರಾಡಾರ್. ಅದು ಚಿತ್ರ ತೆಗೆಯುವುದಿಲ್ಲ, ರೇಡಿಯೊ ಅಲೆ ಬಿಟ್ಟು ಮೈಯ ಎತ್ತರ, ಚಲನೆ ಅಳೆಯುತ್ತದೆ. ಆದರೆ ಇಟ್ಟಿಗೆ ಗೋಡೆಯಾಚೆ ಕಾಣದು, ಕೋಣೆಗೊಂದು ಬೇಕು. ಮಲಗುವ ಮನೆಯಲ್ಲಿ ತಿರುಗುವ ಫ್ಯಾನು, ಗಾಳಿಗೆ ಹಾರುವ ಪರದೆ, ಓಡಾಡುವ ಬೆಕ್ಕು ಅದನ್ನು ದಾರಿ ತಪ್ಪಿಸುತ್ತವೆ. ಹಾಕಿದ ದಿನವೇ ಫ್ಯಾನಿರುವ ಜಾಗವನ್ನು ಲೆಕ್ಕದಿಂದ ಬಿಡುವಂತೆ ಆ್ಯಪಿನಲ್ಲಿ ಗುರುತು ಮಾಡಿ. ಹಾಗೆ ಮಾಡದಿದ್ದರೆ ವಾರಕ್ಕೆ ಹತ್ತು ಸುಳ್ಳು ಕರೆ ಬರುತ್ತವೆ, ಹನ್ನೊಂದನೆಯದು ನಿಜವಾದಾಗ ಯಾರೂ ಓಡುವುದಿಲ್ಲ.

ಕೈಲಾದರೆ ಬಚ್ಚಲಿಗೆ ರಾಡಾರ್, ಮೈಮೇಲೆ ವಾಚು ಎರಡೂ ಇರಲಿ. ಕರೆ ಹೋಗುವ ಸಾಲು ಹೀಗಿರಲಿ: ಮೊದಲು ಅಮ್ಮನಿಗೇ ಯಂತ್ರ ಕೇಳಲಿ, 30 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಬೀಗದ ಕೈ ಇರುವ ನೆರೆಯವರಿಗೆ, ಆಮೇಲೆ ನಿಮಗೆ. ಆಂಬುಲೆನ್ಸಿಗೆ 108, ಬೇರೆ ಆಪತ್ತಿಗೆ 112. ಹಿರಿಯರ ಸಹಾಯವಾಣಿ 14567 ಸಲಹೆ, ನೆರವಿಗೆ ಒಳ್ಳೆಯದು, ಆದರೆ ಅದು ಆಂಬುಲೆನ್ಸ್ ಅಲ್ಲ. ತಿಂಗಳಿಗೊಮ್ಮೆ ಬೇಕೆಂದೇ ಕರೆ ಒತ್ತಿ, ನೆರೆಯವರು ಬಾಗಿಲು ತೆರೆಯುವವರೆಗೆ ಎಷ್ಟು ನಿಮಿಷವಾಯಿತು ಎಂದು ನೋಡಿ. ಒಂದು ಗಂಟೆಗೂ ಮೀರಿ ನೆಲದ ಮೇಲೇ ಉಳಿದರೆ ಒತ್ತುಹುಣ್ಣು, ನಿರ್ಜಲತೆ, ಸ್ನಾಯು ನಲುಗಿ ಮೂತ್ರಪಿಂಡಕ್ಕೆ ಪೆಟ್ಟು ಶುರುವಾಗಬಹುದು.

ಬಂದವರು ಗಡಿಬಿಡಿಯಲ್ಲಿ ಎತ್ತಬಾರದು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು, ಅಲುಗಿಸದೆ ಹೊದಿಸಿ 108 ಕಾಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ತಲೆಗೆ ಪೆಟ್ಟಾಗಿದ್ದರೆ, ಚೆನ್ನಾಗಿಯೇ ಮಾತನಾಡುತ್ತಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಕ್ಯಾಮೆರಾದಿಂದ ಮುಖ ನೋಡಿಯೇ ಬಿಪಿ ಹೇಳುವ ರೋಬೊ ಬಂದಿದೆಯಂತೆ. ನಂಬಬಹುದೇ?
– ತುಮಕೂರಿನ ಓದುಗರು

ಉತ್ತರ: ಮಾತ್ರೆಯ ಪ್ರಮಾಣ ನಿರ್ಧರಿಸುವಷ್ಟು ನಂಬಬೇಡಿ. ತೋಳಿಗೆ ಪಟ್ಟಿ ಕಟ್ಟುವ ಯಂತ್ರವೇ ಬೇಕು, ಅದು ಬ್ಲೂಟೂತಿನಿಂದ ರೋಬೊಕ್ಕೆ ಅಂಕಿ ಕಳಿಸಿದರೆ ಅನುಕೂಲ. ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಲಿ. ಐದು ನಿಮಿಷ ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಇಟ್ಟು, ಮಾತನಾಡದೆ ಕೂರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಮನೆಯಲ್ಲಿ ಸರಾಸರಿ 135/85 ದಾಟುತ್ತಿದ್ದರೆ ವೈದ್ಯರಿಗೆ ಹೇಳಿ. 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಕಾಯಬೇಡಿ.

ಪ್ರಶ್ನೆ: ಲಕ್ಷಾಂತರ ಕೊಟ್ಟು ತಂದ ಮೇಲೆ ಕಂಪನಿಯೇ ಮುಚ್ಚಿದರೆ? ಮತ್ತೆ ಮನೆಯೊಳಗಿನ ಮಾತು, ಚಿತ್ರ ಎಲ್ಲಿಗೆ ಹೋಗುತ್ತವೆ?
– ದುಬೈನ ಓದುಗರು

ಉತ್ತರ: ಇದು ಆಗಿರುವ ಸಂಗತಿಯೇ. ಜೀಬೊ ಎಂಬ ಮನೆ ರೋಬೊಕ್ಕೆ 2014ರಲ್ಲಿ ಜನರೇ ಮುಂಗಡ ಕೊಟ್ಟರು, 2017ರಲ್ಲಿ ಕೈಸೇರಿತು, 2019ರಲ್ಲಿ ತನ್ನ ಸರ್ವರುಗಳು ನಿಲ್ಲಲಿವೆ ಎಂದು ರೋಬೊವೇ ಮನೆಯವರಿಗೆ ಹೇಳಿತು. ಮಕ್ಕಳಿಗಾಗಿ ಮಾಡಿದ್ದ ಮಾಕ್ಸಿಯ ಕಂಪನಿ 2024ರ ಕೊನೆಯಲ್ಲಿ ಮುಚ್ಚಿತು. ಬುದ್ಧಿಯೆಲ್ಲ ಕಂಪನಿಯ ಸರ್ವರಿನಲ್ಲಿದ್ದರೆ ಮನೆಯಲ್ಲಿರುವುದು ಚಿಪ್ಪು ಮಾತ್ರ. ಆದ್ದರಿಂದ ಅಂಗಡಿಯಲ್ಲೇ ವೈಫೈ ತೆಗೆಸಿ, ಏನೇನು ನಿಲ್ಲುತ್ತದೆ ಎಂದು ಕಣ್ಣಾರೆ ನೋಡಿ. ಮಾತ್ರೆ ಯಂತ್ರವಾದರೆ ಇಂಟರ್ನೆಟ್ ಇಲ್ಲದೆಯೂ ಹೊತ್ತಿಗೆ ಸರಿಯಾಗಿ ತಿರುಗಲೇಬೇಕು. ತಿಂಗಳ ಚಂದಾ ಎಷ್ಟು, ಕಟ್ಟದಿದ್ದರೆ ಏನು ನಿಲ್ಲುತ್ತದೆ, ಬ್ಯಾಟರಿ ಇಲ್ಲಿ ಸಿಗುತ್ತದೆಯೇ ಎಂದು ಬರಹದಲ್ಲಿ ಪಡೆಯಿರಿ.

ಕ್ಯಾಮೆರಾಕ್ಕೆ ಸರಿಸಿ ಮುಚ್ಚುವ ಮುಚ್ಚಳವಿರುವುದನ್ನೇ ಆರಿಸಿ, ಅದನ್ನು ಮುಚ್ಚುವ ತೆರೆಯುವ ಅಧಿಕಾರ ಅಪ್ಪ ಅಮ್ಮನದೇ ಆಗಿರಲಿ. ಅವರ ಒಪ್ಪಿಗೆಯಿಲ್ಲದೆ, ಅವರ ಒಳಿತಿಗೆಂದೇ ಆದರೂ, ಇಡಬೇಡಿ. ಮನೆಗೆಲಸದವರಿಗೂ ಹೇಳಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ, ಮಾಹಿತಿ ಅಳಿಸಲು ಕೇಳುವ ಹಕ್ಕನ್ನು ಹೇಳುತ್ತದೆ. ಯಂತ್ರವನ್ನು ಮಾರುವಾಗ, ರಿಪೇರಿಗೆ ಕೊಡುವಾಗ ಕಾರ್ಖಾನೆಯ ಸ್ಥಿತಿಗೆ ಮರಳಿಸಿ, ಖಾತೆಯಿಂದಲೂ ಅದರ ಹೆಸರು ತೆಗೆಯಿರಿ. ಹಿರಿಯರು ನಿಮ್ಮಲ್ಲಿಗೆ ಬಂದು ತಿಂಗಳುಗಟ್ಟಲೆ ಮನೆ ಬೀಗ ಹಾಕಿರುವುದಾದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಆಫ್ ಮಾಡಿಡಿ. ಮರಳಿದಾಗ ಅದು ಉಬ್ಬಿದ್ದರೆ ಚಾರ್ಜಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.